ಮತದಾರರ ಯಾದಿಯಲ್ಲಿ ನಮ್ಮ ಮನೆ



ಚುನಾವಣೆಯ ಮಾತು ಬಂದರೆ ನಮ್ಮ ಮನೆಗಳಲ್ಲಿ ಯಾರು ಗೆದ್ದಾರು, ಯಾರು ಸೋತಾರು ಎಂಬ ಚರ್ಚೆಗೆ ಕೊನೆಯೆಂಬುದಿಲ್ಲ. ಆದರೆ ಮನೆಯಲ್ಲಿ ಹದಿನೆಂಟು ತುಂಬಿದವರೆಲ್ಲರ ಹೆಸರು ಮತದಾರರ ಯಾದಿಯಲ್ಲಿ ಉಂಟೆ, ಇದ್ದರೆ ಯಾವ ಊರಿನ ಯಾದಿಯಲ್ಲಿ ಉಂಟು ಎಂದು ಕೇಳುವವರು ವಿರಳ. ಮತದಾನದ ದಿನ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ನಿಂತು ಆ ಪ್ರಶ್ನೆ ಕೇಳಿದರೆ ಫಲವಿಲ್ಲ. ಆದುದರಿಂದ ಚುನಾವಣೆಯ ಗದ್ದಲವಿಲ್ಲದ ವೇಳೆಯಲ್ಲಿಯೇ ಅದನ್ನು ವಿಚಾರಿಸುವುದು ಲೇಸು.

ಚಿಂಚೋಳಿ ಎಂಐಡಿಸಿಯನ್ನೇ ನೋಡೋಣ. ಸೊಲ್ಲಾಪುರದಿಂದ ಪುಣೆಯತ್ತ ಹೋಗುವ ಹೆದ್ದಾರಿಯ ಬದಿಗೆ, ಮೋಹೋಳ ತಾಲೂಕಿನಲ್ಲಿ ಈ ಉದ್ಯಮ ವಸಾಹತು ಇದೆ. ಅಕ್ಕಲಕೋಟೆ ಇರುವುದು ಸೊಲ್ಲಾಪುರದ ಆಚೆಗೆ, ಸುಮಾರು 40 ಕಿಲೋಮೀಟರು ದೂರದಲ್ಲಿ. ಅಲ್ಲಿಯ ಹಳ್ಳಿಯ ತರುಣನೊಬ್ಬ ಚಿಂಚೋಳಿಯ ಕಾರಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಸೇರುತ್ತಾನೆ. ಮೊದಲು ದಿನವೂ ಹೋಗಿ ಬರುತ್ತಾನೆ. ಬರಬರುತ್ತ ಹತ್ತಿರದಲ್ಲಿಯೇ ಒಂದು ಖೋಲಿ ಹಿಡಿಯುತ್ತಾನೆ. ಮದುವೆಯಾದ ಮೇಲೆ ಸಂಸಾರವನ್ನೂ ಅಲ್ಲಿಗೇ ತರುತ್ತಾನೆ. ಅವನ ಅನ್ನ, ನೀರು, ಮಕ್ಕಳ ಶಾಲೆ ಎಲ್ಲವೂ ಅಲ್ಲಿ. ಮತ ಮಾತ್ರ ಅಕ್ಕಲಕೋಟೆಯ ಹಳ್ಳಿಯಲ್ಲಿ. ಲೋಕಸಭೆಗೆ ಮೋಹೋಳವೂ ಅಕ್ಕಲಕೋಟೆಯೂ ಒಂದೇ ಸೊಲ್ಲಾಪುರ ಕ್ಷೇತ್ರಕ್ಕೆ ಸೇರಿವೆ. ವಿಧಾನಸಭೆಗೆ ಅವು ಎರಡು ಕ್ಷೇತ್ರಗಳು. ಗ್ರಾಮ ಪಂಚಾಯತಿಗಂತೂ ಎರಡು ಲೋಕಗಳೇ. ತಾನು ನಿತ್ಯ ತುಳಿಯುವ ರಸ್ತೆಯ ಬಗ್ಗೆ ಅವನ ಮಾತಿಗೆ ಬೆಲೆಯಿಲ್ಲ. ಬೆಲೆಯಿರುವ ಊರಿನ ರಸ್ತೆಯನ್ನು ಅವನು ಜಾತ್ರೆಗೊಮ್ಮೆ ಕಾಣುತ್ತಾನೆ.

ದುಡಿಯುವವನಿಗೆ ಕಾಯ್ದೆ ಒಂದು ಅನುಕೂಲವನ್ನೇನೋ ಮಾಡಿಕೊಟ್ಟಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 1996ರಲ್ಲಿ ಸೇರಿಸಿದ 135ಬಿ ಕಲಮಿನ ಪ್ರಕಾರ, ಲೋಕಸಭೆ ಅಥವಾ ವಿಧಾನಸಭೆಯ ಮತದಾನದ ದಿನ ಮತದಾರನಾದ ಪ್ರತಿಯೊಬ್ಬ ನೌಕರನಿಗೂ ರಜೆ ಕೊಡಬೇಕು, ಪಗಾರ ಕಡಿಯಕೂಡದು. ದಿನಗೂಲಿಯವನಿಗೂ ಅಂದಿನ ಕೂಲಿ ಸಲ್ಲಬೇಕು. ಕೆಲಸಗಾರನಿಲ್ಲದಿದ್ದರೆ ಅಪಾಯವೋ ಭಾರೀ ಹಾನಿಯೋ ಆಗುವಂಥ ಕೆಲಸಗಳಿಗೆ ಮಾತ್ರ ಈ ನಿಯಮ ಅನ್ವಯಿಸದು. ತನ್ನ ಕ್ಷೇತ್ರದ ಹೊರಗೆ ದುಡಿಯುವವನಿಗೂ ಈ ಹಕ್ಕುಂಟೆಂದು ಚುನಾವಣಾ ಆಯೋಗ ಸ್ಪಷ್ಟಪಡಿಸಿದೆ. ಗಡಿಯಾಚೆಯ ಇಂಡಿ, ಅಫಜಲಪುರಗಳಿಂದ ಬಂದವರು ಇದನ್ನು ನೆನಪಿಡಬೇಕು. 2024ರ ಮೇ 7ರಂದು ಸೊಲ್ಲಾಪುರ, ವಿಜಾಪುರ, ಕಲಬುರ್ಗಿ ಮೂರೂ ಲೋಕಸಭಾ ಕ್ಷೇತ್ರಗಳಲ್ಲಿ ಒಂದೇ ದಿನ ಮತದಾನ ನಡೆಯಿತು. ವಿಧಾನಸಭೆಯ ಮಾತು ಹಾಗಲ್ಲ: ಕರ್ನಾಟಕದಲ್ಲಿ 2023ರ ಮೇ 10, ಮಹಾರಾಷ್ಟ್ರದಲ್ಲಿ 2024ರ ನವೆಂಬರ 20.

ಆದರೆ ರಜೆ ದೊರೆತರೂ ದಾರಿ ಸಾಗಬೇಕಲ್ಲ? ಬಸ್ಸಿನ ಖರ್ಚು, ರಾತ್ರಿಪಾಳಿಯ ದಣಿವು, ಕೈಗೂಸು, ಇವೆಲ್ಲ ಸೇರಿ ಅನೇಕರ ರಜೆ ಖೋಲಿಯಲ್ಲಿಯೇ ಕಳೆದುಹೋಗುತ್ತದೆ. ಇದ್ದಲ್ಲಿಂದಲೇ ತಮ್ಮ ಊರಿನ ಕ್ಷೇತ್ರಕ್ಕೆ ಮತ ಹಾಕುವಂತೆ, 72 ಕ್ಷೇತ್ರಗಳನ್ನು ನಿಭಾಯಿಸಬಲ್ಲ ಯಂತ್ರವೊಂದರ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರದಲ್ಲಿ ಪ್ರಕಟಿಸಿತ್ತು. ಹಲವು ಪಕ್ಷಗಳು ಒಪ್ಪಲಿಲ್ಲ, ಯೋಜನೆ ಮುಂದುವರಿಯಲಿಲ್ಲ.

ದೊಡ್ಡ ಪ್ರಜಾಪ್ರಭುತ್ವವೆನಿಸಿದ ಅಮೇರಿಕೆಯಲ್ಲಿಯೂ ಈ ತೊಡಕು ತಪ್ಪಿಲ್ಲ. ಅಲ್ಲಿ ಅಧ್ಯಕ್ಷರ ಚುನಾವಣೆಗೆ 1845ರ ಕಾಯ್ದೆಯಂತೆ ನವೆಂಬರದ ಮೊದಲ ಸೋಮವಾರದ ಮರುದಿನ, ಅಂದರೆ ಮಂಗಳವಾರವೇ ಗೊತ್ತು. ಕುದುರೆಗಾಡಿಯ ಕಾಲದ ಒಕ್ಕಲಿಗರಿಗೆ ಒಪ್ಪುತ್ತಿದ್ದ ಆ ದಿನ ಇಂದಿನ ಕಾರಖಾನೆಯವನಿಗೆ ಕೆಲಸದ ದಿನ; ದೇಶಕ್ಕೆಲ್ಲ ಅನ್ವಯಿಸುವ ಸಂಬಳಸಹಿತ ರಜೆಯ ಕಾಯ್ದೆ ಅಲ್ಲಿಲ್ಲ. ಹೆಸರು ನೋಂದಿಸುವ ಹೊಣೆ ಬಹುಮಟ್ಟಿಗೆ ಪ್ರಜೆಯದೇ. ಆದರೂ ಅವರು ಕೆಲವು ಬಾಗಿಲುಗಳನ್ನು ತೆರೆದಿದ್ದಾರೆ. 1993ರ ಕಾಯ್ದೆಯಿಂದ ವಾಹನ ಪರವಾನಿಗೆಯ ಕಚೇರಿಯಲ್ಲಿಯೇ ಮತದಾರರ ನೋಂದಣಿಗೂ ಅವಕಾಶವಾಯಿತು. ಆರಿಗನ್ ರಾಜ್ಯದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಬಂಗಾಲಿ ಭಾಷೆಯಲ್ಲಿಯೂ ಮತಪತ್ರವಿದೆ. ಮತದಾರ ಇದ್ದಲ್ಲಿಗೆ ಮತ ಬರಬೇಕೆಂಬುದೇ ಇವೆಲ್ಲವುಗಳ ತಿರುಳು.

ನಮ್ಮ ಕಾಯ್ದೆಯ ತಿರುಳೂ ಅದಕ್ಕಿಂತ ಭಿನ್ನವಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ, ಯಾರು ಎಲ್ಲಿ ಸಾಮಾನ್ಯವಾಗಿ ವಾಸಿಸುತ್ತಾರೋ ಅಲ್ಲಿಯೇ ಅವರ ಹೆಸರು. ಊರಲ್ಲಿ ಸ್ವಂತ ಮನೆಯಿದ್ದ ಮಾತ್ರಕ್ಕೆ ಅಲ್ಲಿಯ ನಿವಾಸಿಯೆನಿಸಲಾರ. ನಾಲ್ಕು ದಿನ ಹೊರಗೆ ಹೋದ ಮಾತ್ರಕ್ಕೆ ನಿವಾಸ ತಪ್ಪುವುದೂ ಇಲ್ಲ. ಒಲೆ ಊರಲ್ಲಿಯೇ ಉರಿಯುತ್ತಿದ್ದು, ತಾನೊಬ್ಬನೇ ದುಡಿಮೆಗೆ ಹೋಗಿ ಬರುವವನು ಊರಿನ ಯಾದಿಯಲ್ಲಿಯೇ ಇರಲಿ. ಒಲೆಯನ್ನೇ ಚಿಂಚೋಳಿಗೆ ಒಯ್ದವನು ಹೆಸರನ್ನೂ ಒಯ್ಯಬೇಕು. ಎರಡು ಕಡೆ ಹೆಸರಿಡುವುದಂತೂ ಕಾಯ್ದೆಗೆ ವಿರುದ್ಧ.

ಇಲ್ಲಿ ಹಿರಿಯರ ಮನಸ್ಸಿನಲ್ಲಿ ಒಂದು ಅಳುಕು ಸಹಜ. ಮಗನ ಹೆಸರು ಊರಿನ ಯಾದಿಯಿಂದ ಹೋದರೆ ನಾಳೆ ಹೊಲಮನೆಯ ಹಕ್ಕೂ ಹೋದೀತೆಂಬ ಭಯ. ಇದು ನಿರಾಧಾರ. ಹೊಲದ ಲೆಕ್ಕ ಇರುವುದು ಸಾತಬಾರಾ ಉತಾರದಲ್ಲಿ, ಮತದಾರರ ಯಾದಿಯಲ್ಲಲ್ಲ. ಯಾದಿ ಹೇಳುವುದು ಇಷ್ಟೇ: ಈತ ಎಲ್ಲಿ ಬಾಳುತ್ತಾನೆ, ಯಾರನ್ನು ಪ್ರಶ್ನಿಸುವ ಅಧಿಕಾರ ಇವನಿಗಿದೆ.

ಇನ್ನು ತಾಯಂದಿರಿಗೆ, ಅತ್ತೆಯಂದಿರಿಗೆ ಒಂದು ವಿಶೇಷ ವಿನಂತಿ. ನಮ್ಮ ಗಡಿಭಾಗದಲ್ಲಿ ಹೆಣ್ಣು ಕೊಡುವುದು, ತರುವುದು ರಾಜ್ಯದ ಗೆರೆಯನ್ನು ನೋಡಿ ನಡೆಯುವುದಿಲ್ಲ. ಆಳಂದದ ಮಗಳು ಅಕ್ಕಲಕೋಟೆಯ ಸೊಸೆ; ಅಕ್ಕಲಕೋಟೆಯ ಮಗಳು ಇಂಡಿಯ ಸೊಸೆ. ಮದುವೆಯಲ್ಲಿ ಬಂಗಾರದಿಂದ ಹಿಡಿದು ಬೋಗುಣಿಯವರೆಗೆ ಎಲ್ಲದರ ಯಾದಿಯಾಗುತ್ತದೆ; ಸೊಸೆಯ ಮತ ಮಾತ್ರ ಯಾರ ನೆನಪಿಗೂ ಬಾರದೆ ತವರಿನಲ್ಲಿಯೇ ಉಳಿದುಬಿಡುತ್ತದೆ. ಕೆಲವು ವರ್ಷಗಳಲ್ಲಿ ತವರಿನವರು ‘ಕೊಟ್ಟ ಹೆಣ್ಣು’ ಎಂದು ತೆಗೆಸಿರುತ್ತಾರೆ. ಗಂಡನ ಮನೆಯವರು ಸೇರಿಸಿರುವುದಿಲ್ಲ. ಎರಡು ಮನೆಯ ಬೆಳಕೆನಿಸಿದವಳಿಗೆ ಎರಡೂ ಯಾದಿಯಲ್ಲಿ ಸ್ಥಳವಿಲ್ಲ!

ಇದು ಹೊಸ ಅನ್ಯಾಯವೇನೂ ಅಲ್ಲ. 1951-52ರ ಪ್ರಥಮ ಮಹಾಚುನಾವಣೆಗೆ ಯಾದಿ ಸಿದ್ಧವಾದಾಗ ಅನೇಕ ಸ್ತ್ರೀಯರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಸ್ವಂತ ಹೆಸರಿಲ್ಲದವರನ್ನು ಯಾದಿಯಲ್ಲಿ ಇರಿಸಲು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಆ ಸಲ ಮತವಂಚಿತರಾದರು. ಅಂದು ಸಂಕೋಚದಿಂದ ಹೋದುದು ಇಂದು ಅಲಕ್ಷ್ಯದಿಂದ ಹೋಗಬಾರದು.

ಅಲಕ್ಷ್ಯದ ಬೆಲೆ ಎಷ್ಟೆಂಬುದಕ್ಕೆ ದೂರ ಹೋಗಬೇಕಿಲ್ಲ. 2025ರಲ್ಲಿ ಬಿಹಾರದಲ್ಲಿ ಯಾದಿಯ ವಿಶೇಷ ಪರಿಷ್ಕರಣೆ ನಡೆದಾಗ ಕರಡು ಯಾದಿಯಿಂದ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದವು. ಅವುಗಳಲ್ಲಿ ಸುಮಾರು 36 ಲಕ್ಷ, ಸ್ಥಳ ಬಿಟ್ಟುಹೋದವರು ಇಲ್ಲವೆ ಸಿಗದವರು ಎಂಬ ಕಾರಣಕ್ಕೆ ಬಿಟ್ಟವು. ಆ ಪರಿಷ್ಕರಣೆಯ ಕ್ರಮ ಸರಿಯೋ ತಪ್ಪೋ ಎಂಬ ವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ವಾದ ಹೇಗೇ ಇರಲಿ, ದುಡಿಮೆಗಾಗಿ ಊರು ಬಿಟ್ಟವನ ಹೆಸರೇ ಮೊದಲು ಅಲುಗುತ್ತದೆಂಬುದು ಮಾತ್ರ ನಿಜ.

ಪರಿಹಾರ ಕಷ್ಟದ್ದಲ್ಲ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ವಾಸ ಬದಲಾದವರು, ಬೇರೆ ರಾಜ್ಯದಿಂದ ಬಂದ ಸೊಸೆಯಂದಿರು ಹೆಸರು ವರ್ಗಾಯಿಸಿಕೊಳ್ಳಲು ನಮೂನೆ 8. ಮತಗಟ್ಟೆಯ ಅಧಿಕಾರಿಯಾದ ಬಿಎಲ್‌ಒ ಅವರಲ್ಲಿಯೋ ತಹಶೀಲದಾರರ ಕಚೇರಿಯಲ್ಲಿಯೋ ಇವನ್ನು ಕೊಡಬಹುದು, ಮೊಬೈಲಿನಿಂದಲೂ ಕಳಿಸಬಹುದು. ಸಂಶಯವಿದ್ದರೆ 1950 ಸಂಖ್ಯೆಗೆ ಫೋನು ಮಾಡಬಹುದು. ಹದಿನೆಂಟು ತುಂಬಿದ ಮಕ್ಕಳು ಈಗ ವರ್ಷವಿಡೀ ಕಾಯಬೇಕಿಲ್ಲ; ಜನವರಿ, ಎಪ್ರಿಲ್, ಜುಲೈ, ಅಕ್ಟೋಬರ ತಿಂಗಳುಗಳ ಮೊದಲ ದಿನವನ್ನು ವಯಸ್ಸಿನ ಲೆಕ್ಕಕ್ಕೆ ಹಿಡಿಯುತ್ತಾರೆ.

ಈ ತಿಂಗಳು ಒಂದು ಸಂಜೆ, ಊಟವಾದ ಮೇಲೆ, ಮನೆಮಂದಿಯೆಲ್ಲ ಕೂಡಿ ಕುಳಿತು ಒಂದು ಹಾಳೆಯ ಮೇಲೆ ಎಲ್ಲರ ಹೆಸರು ಬರೆಯಿರಿ. ಚಿಂಚೋಳಿಯ ಖೋಲಿಯಲ್ಲಿರುವ ಮಗನದು, ಹೊಸದಾಗಿ ಬಂದ ಸೊಸೆಯದು, ಕೊಟ್ಟ ಮಗಳದು, ಯಾವುದನ್ನೂ ಬಿಡಬೇಡಿರಿ. ಪ್ರತಿ ಹೆಸರಿನ ಮುಂದೆ, ಅವರ ಮತ ಈಗ ಯಾವ ಊರಿನಲ್ಲಿದೆ ಎಂದು ಬರೆಯಿರಿ. ಬರೆಯಲು ಲೇಖನಿ ತಡವರಿಸಿದ ಕಡೆ ಮರುದಿನದ ಕೆಲಸವಿದೆಯೆಂದು ತಿಳಿಯಿರಿ.