ಪತ್ತಿನ ಭಯ, ವ್ಯಾಪಾರಿಯ ಮೌನ

ಪೇಟೆಯಲ್ಲಿ ಹಣಕ್ಕಿಂತ ಮೊದಲು ಓಡಾಡುವುದು ಪತ್ತು. ಬಂಡವಾಳ ಅಲ್ಪವಾಗಿದ್ದರೂ ಪತ್ತು ಚೆನ್ನಾಗಿರುವ ವ್ಯಾಪಾರಿಗೆ ಸಗಟು ವರ್ತಕರು ಸರಕನ್ನು ಉದ್ದರಿಯಾಗಿ ಕಳುಹಿಸುತ್ತಾರೆ, ಬ್ಯಾಂಕಿನ ವ್ಯವಸ್ಥಾಪಕರು ಕುರ್ಚಿ ತೋರಿಸುತ್ತಾರೆ. ಆಸ್ತಿ-ಹೊಣೆ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸದ ಈ ಆಸ್ತಿಗೆ ಧಕ್ಕೆ ಬಂದೀತೆಂಬ ಭಯದಿಂದ ವ್ಯಾಪಾರಿಯು ಮುಚ್ಚಿಡುವ ಸಂಗತಿಗಳಲ್ಲಿ ನಷ್ಟ ಮೊದಲನೆಯದಾದರೆ, ಮನಸ್ಸಿನ ಅಸ್ವಾಸ್ಥ್ಯ ಎರಡನೆಯದು. ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರನ್ನು ಪಕ್ಕದ ಅಂಗಡಿಯವರೊಡನೆ ಧಾರಾಳವಾಗಿ ಚರ್ಚಿಸುವವರು, ನಿದ್ರೆ ಬಾರದೆ ಮನೋವೈದ್ಯರನ್ನು ಕಂಡುಬಂದ ವಿಷಯವನ್ನು ಮನೆಯವರಿಗೂ ತಿಳಿಸುವುದಿಲ್ಲ.

ಈ ಮೌನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಅಂಕಿ-ಅಂಶಗಳಂತೆ, ಕೋವಿಡ್ ಬಾಧೆಯ 2020ನೇ ಇಸವಿಯಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವ್ಯಾಪಾರ-ವ್ಯವಹಾರಸ್ಥರ ಸಂಖ್ಯೆ 11,716. ಅದೇ ವರ್ಷ ಕೃಷಿ ಕ್ಷೇತ್ರದಲ್ಲಿ, ಅಂದರೆ ರೈತರು ಹಾಗೂ ಕೃಷಿ ಕಾರ್ಮಿಕರು ಸೇರಿ, ಸಂಭವಿಸಿದ ಇಂತಹ ಸಾವುಗಳು 10,677. ರೈತರ ಸಂಕಷ್ಟ ವಿಧಾನಸಭೆಯಲ್ಲಿ ಚರ್ಚೆಯಾಗುತ್ತದೆ, ಆಗಲೇಬೇಕು. ಆದರೆ ವ್ಯಾಪಾರಿಯ ಸಂಕಷ್ಟ ಅವನದೇ ಸಂಘದ ಸಭೆಯಲ್ಲಿಯೂ ಚರ್ಚೆಯಾಗುವುದು ಅಪರೂಪ. ಸರಕು ಮತ್ತು ಸೇವಾ ತೆರಿಗೆಯ ಬಗ್ಗೆ ವಿಚಾರ ಸಂಕಿರಣ ಏರ್ಪಡಿಸಿದರೆ ಸಭಾಂಗಣ ತುಂಬುತ್ತದೆ. ಮಾನಸಿಕ ಆರೋಗ್ಯವೆಂದರೆ ಪದಾಧಿಕಾರಿಗಳೇ ಮುಂದಿನ ಸಾಲನ್ನು ಭರ್ತಿ ಮಾಡಬೇಕಾದೀತು.

ಒತ್ತಡ ಎಲ್ಲಿಂದ ಹುಟ್ಟುತ್ತದೆಂಬುದನ್ನು ಲೆಕ್ಕದ ಮೂಲಕವೇ ನೋಡಬಹುದು. ಪೀಣ್ಯದಲ್ಲಿ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಒಂದು ಸಣ್ಣ ಘಟಕವನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ತಿಂಗಳ ವಹಿವಾಟು 20 ಲಕ್ಷ ರೂಪಾಯಿ. 45 ದಿನಗಳಲ್ಲಿ ಬರಬೇಕಾದ ಹಣ 120 ದಿನಕ್ಕೆ ಬಂದರೆ, ಹೆಚ್ಚುವರಿ 75 ದಿನಗಳ ಬಾಬ್ತು ಸುಮಾರು 50 ಲಕ್ಷ ರೂಪಾಯಿ ಸಿಕ್ಕಿಹಾಕಿಕೊಳ್ಳುತ್ತದೆ. ಶೇ. 12ರ ಬಡ್ಡಿಯಂತೆ ವರ್ಷಕ್ಕೆ 6 ಲಕ್ಷ, ತಿಂಗಳಿಗೆ 50 ಸಾವಿರ. ಇದು ಇಬ್ಬರು ಟರ್ನರ್‌ಗಳ ಸಂಬಳ. ಇತ್ತ ಹಣ ಕೈಸೇರದಿದ್ದರೂ ಬಿಲ್ಲು ಬರೆದ ಮೇಲೆ ಜಿಎಸ್‌ಟಿ ಕಟ್ಟಲೇಬೇಕು. ತಡವಾದರೆ ಅದಕ್ಕೂ ಬಡ್ಡಿ. ಬ್ಯಾಂಕಿನ ಮಿತಿ ಮುಗಿದಾಗ ಕೈಸಾಲ, ಕೈಸಾಲ ತೀರಿಸಲು ಮನೆಯ ಒಡವೆ. ಮಾಲೀಕನ ದುಡಿಮೆಯಲ್ಲಾಗಲಿ ಸರಕಿನ ಗುಣಮಟ್ಟದಲ್ಲಾಗಲಿ ಇಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಪ್ರತಿ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕುಳಿತುಕೊಳ್ಳುವವನು ಅವನೇ.

ಸಾಲವಿರುವವರೆಲ್ಲ ಕಾಯಿಲೆ ಬೀಳುವುದಿಲ್ಲ, ಕಾಯಿಲೆ ಬಿದ್ದವರೆಲ್ಲ ಸಾಲಗಾರರೂ ಅಲ್ಲ. ಲಾಭದಲ್ಲಿರುವ ಅಂಗಡಿಯ ಮಾಲೀಕನನ್ನೂ ಖಿನ್ನತೆ ಹಿಡಿಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸರಿಸುಮಾರು ಹತ್ತಕ್ಕೆ ಒಬ್ಬರು ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ನೂರು ಸದಸ್ಯರ ವರ್ತಕರ ಸಂಘಕ್ಕೆ ಈ ಪ್ರಮಾಣವನ್ನು ಅನ್ವಯಿಸಿ ನೋಡಿದರೆ, ವಾರ್ಷಿಕ ಮಹಾಸಭೆಯ ಒಂದು ಸಾಲು ಕುರ್ಚಿಗಳಷ್ಟು ಜನ.

ಲಕ್ಷಣಗಳನ್ನು ಮೊದಲು ಕಾಣುವವರು ವೈದ್ಯರಲ್ಲ, ಸಹವರ್ತಕರು. ಒಂಬತ್ತಕ್ಕೆ ತೆರೆಯುತ್ತಿದ್ದ ಬಾಗಿಲು ಹನ್ನೊಂದಕ್ಕೆ ತೆರೆಯುತ್ತದೆ. ಅಂಚೆಯಲ್ಲಿ ಬಂದ ನೋಟಿಸುಗಳು ಒಡೆಯದೆ ಮೇಜಿನ ಮೇಲೆ ಬಿದ್ದಿರುತ್ತವೆ. ಒಂದು ದಿನವೂ ರಿಟರ್ನ್ ತಪ್ಪಿಸದಿದ್ದವರು ಮೂರು ತಿಂಗಳಿಂದ ಸಲ್ಲಿಸಿರುವುದಿಲ್ಲ. ಲೆಕ್ಕ ಪರಿಶೋಧಕರ ಕಚೇರಿಯಿಂದ ಬರುವ ದೂರವಾಣಿ ಕರೆ ಸ್ವೀಕರಿಸುವುದಿಲ್ಲ. ಇದನ್ನು ಸೋಮಾರಿತನವೆಂದೋ ದುರುದ್ದೇಶವೆಂದೋ ತೀರ್ಮಾನಿಸುವುದು ರೂಢಿ. ನಿದ್ರೆ, ಹಸಿವು, ಆಸಕ್ತಿಗಳು ಎರಡು ವಾರಕ್ಕೂ ಮೀರಿ ಕುಗ್ಗಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ಸ್ಥಿತಿ. "ಧೈರ್ಯ ತಂದುಕೊಳ್ಳಿ, ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ" ಎಂಬ ಮಾತು ಹೇಳುವವರಿಗೆ ಸಮಾಧಾನ ಕೊಡುತ್ತದೆಯೇ ಹೊರತು ಕೇಳುವವರಿಗಲ್ಲ. ಬದುಕು ಸಾಕೆನಿಸಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ನಂಬಿಕೆಯೂ ತಪ್ಪೆಂದು ಮನೋವೈದ್ಯರು ಹೇಳುತ್ತಾರೆ. ಕೇಳಬೇಕು, ಹೌದೆಂದರೆ ಒಂಟಿಯಾಗಿ ಬಿಡದೆ ಜೊತೆಯಲ್ಲಿದ್ದು ಆಸ್ಪತ್ರೆಗೆ ಕರೆದೊಯ್ಯಬೇಕು.

ನೆರವಿನ ದಾರಿಗಳು ಹಿಂದಿಗಿಂತ ಈಗ ಹತ್ತಿರವಾಗಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮನಸ್ ಸೇವೆಗೆ 14416 ಸಂಖ್ಯೆಯ ಮೂಲಕ ದಿನದ 24 ಗಂಟೆಯೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 21ನೇ ಪ್ರಕರಣವು, ದೈಹಿಕ ಕಾಯಿಲೆಗೆ ಒದಗಿಸುವ ರೀತಿಯಲ್ಲಿಯೇ ಮಾನಸಿಕ ಕಾಯಿಲೆಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ವಿಮಾ ಸಂಸ್ಥೆಗಳಿಗೆ ವಿಧಿಸಿದೆ. ಆದರೆ ಅನೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ವೆಚ್ಚವನ್ನಷ್ಟೇ ಭರಿಸುತ್ತವೆ, ಮನೋವೈದ್ಯರ ಹೊರರೋಗಿ ಶುಲ್ಕವನ್ನಲ್ಲ. ಸದಸ್ಯರಿಗಾಗಿ ಗುಂಪು ವಿಮೆ ಮಾಡಿಸುವ ಸಂಘಗಳು ನವೀಕರಣದ ಸಮಯದಲ್ಲಿ ಈ ಷರತ್ತನ್ನು ಓದಿ, ಚೌಕಾಶಿ ಮಾಡಬಹುದು. ಪ್ರೀಮಿಯಂ ವಿಷಯದಲ್ಲಿ ತೋರುವ ಚಾತುರ್ಯದ ಅರ್ಧದಷ್ಟು ಸಾಕು.

ಸಾಲದ ಮಟ್ಟಿಗೆ ಹೇಳುವುದಾದರೆ, ಸಂಕಷ್ಟದಲ್ಲಿರುವ ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆ ರಿಸರ್ವ್ ಬ್ಯಾಂಕ್ 2016ರ ಮಾರ್ಚ್‌ನಲ್ಲಿ ಒಂದು ವ್ಯವಸ್ಥೆ ರೂಪಿಸಿತು. ಖಾತೆ ಅನುತ್ಪಾದಕವೆಂದು ಘೋಷಣೆಯಾಗುವ ಮುನ್ನವೇ, ಸಾಲ ತೀರಿಸಲಾಗದೆಂಬ ಆತಂಕವಿರುವ ಉದ್ಯಮಿಯು ತಾನಾಗಿಯೇ ಬ್ಯಾಂಕಿಗೆ ಅರ್ಜಿ ಸಲ್ಲಿಸಲು ಅದರಲ್ಲಿ ಅವಕಾಶ ಕಲ್ಪಿಸಲಾಯಿತು. ಬಳಸಿಕೊಂಡವರು ವಿರಳ. ಅರ್ಜಿ ಕೊಟ್ಟ ಸುದ್ದಿ ಪೇಟೆಗೆ ತಿಳಿದರೆ ಪತ್ತು ಹೋದೀತೆಂಬ ಅದೇ ಹಳೆಯ ಭಯ. ಹೀಗೆ, ಔಷಧದ ಅಂಗಡಿಗೂ ಹೋಗದೆ ಬ್ಯಾಂಕಿಗೂ ಹೋಗದೆ ಕಾಯಿಲೆ ಮತ್ತು ಸಾಲ ಎರಡೂ ಬೆಳೆಯುತ್ತವೆ.

ಆದ್ದರಿಂದ ವಾಣಿಜ್ಯ ಸಂಘಗಳು ಕೈಹಾಕಬೇಕಾದದ್ದು ಉಪನ್ಯಾಸಗಳಿಗಿಂತ ಮೊದಲು ಈ ಭಯಕ್ಕೆ. ಪ್ರತಿ ಸಂಘದಲ್ಲಿ ಒಬ್ಬ ಹಿರಿಯ ವರ್ತಕ, ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಒಬ್ಬ ಲೆಕ್ಕ ಪರಿಶೋಧಕರುಳ್ಳ ಪುಟ್ಟ ಸಮಿತಿಯಿದ್ದು, ತೊಂದರೆಯಲ್ಲಿರುವ ಸದಸ್ಯರೊಡನೆ ಗುಟ್ಟಾಗಿ ಕುಳಿತು ಕೊಡತಕ್ಕವರ ಹಾಗೂ ಬರತಕ್ಕ ಬಾಕಿಗಳ ಪಟ್ಟಿಯೊಂದನ್ನು ಬರೆಯಲು ನೆರವಾಗಬಹುದು. ಕಾಗದದ ಮೇಲೆ ಇಳಿಸಿದ ಸಾಲ ತಲೆಯೊಳಗಿನ ಸಾಲಕ್ಕಿಂತ ಚಿಕ್ಕದಾಗಿ ಕಾಣುವುದುಂಟು. ಸಮಿತಿಯ ನಡಾವಳಿ ಬರೆಯಕೂಡದು, ಹೆಸರು ಹೊರಗೆ ಹೋಗಕೂಡದು. ಒಮ್ಮೆ ಹೋದರೆ ಎರಡನೆಯವರು ಬರುವುದಿಲ್ಲ. ವೈದ್ಯರ ಕೆಲಸವನ್ನು ಸಮಿತಿ ಮಾಡಬೇಕಾಗಿಲ್ಲ, ವೈದ್ಯರ ಬಾಗಿಲವರೆಗೆ ಜೊತೆಗೆ ನಡೆದರೆ ಸಾಕು. ಚಿಕಿತ್ಸೆ ಪಡೆದು ಮರಳಿದ ವರ್ತಕನಿಗೆ ಮೊದಲಿನ ಷರತ್ತಿನಲ್ಲಿಯೇ ಸರಕು ಕೊಡುವ ನಾಲ್ಕು ಮಂದಿ ಸಗಟು ವರ್ತಕರು ಮುಂದೆ ಬಂದರಂತೂ ಅದರ ಪರಿಣಾಮ ಹತ್ತು ಭಾಷಣಗಳಿಂದ ಆಗದು.

ಇನ್ನೊಂದು ಮಾತು ಕೆಲವರಿಗೆ ರುಚಿಸದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರ ಬಾಕಿಯನ್ನು ಗರಿಷ್ಠ 45 ದಿನಗಳೊಳಗೆ ಪಾವತಿಸಬೇಕು. ತಪ್ಪಿದಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಾಗೆ ಪಾವತಿಸದ ಮೊತ್ತವನ್ನು ಆ ವರ್ಷದ ವೆಚ್ಚವಾಗಿ ಕಳೆಯಲು ಬಾರದೆಂದು 2023ರ ಹಣಕಾಸು ಕಾಯ್ದೆ ಬಿಗಿ ಮಾಡಿತು. ಕೇವಲ ವ್ಯಾಪಾರದಲ್ಲಿ ತೊಡಗಿದವರಿಗೆ ಈ ರಕ್ಷಣೆ ಇಲ್ಲದಿರುವುದು ದೊಡ್ಡ ಕೊರತೆ. ಆದರೆ ರಕ್ಷಣೆ ಇರುವವರೂ ಗಿರಾಕಿ ಕೈತಪ್ಪುವನೆಂದು ದೂರು ಕೊಡುವುದಿಲ್ಲ. ಬಾಕಿ ಉಳಿಸಿಕೊಂಡಿರುವವರೆಲ್ಲರೂ ದೂರದ ದೊಡ್ಡ ಕಂಪನಿಗಳೇನಲ್ಲ; ಅನೇಕರು ಇದೇ ಸಂಘಗಳ ಸದಸ್ಯರು, ಇದೇ ಪತ್ರಿಕೆಯ ಓದುಗರು. ಪಕ್ಕದ ಶೆಡ್ಡಿನವರ ಬಿಲ್ಲನ್ನು ಸಕಾಲದಲ್ಲಿ ಚುಕ್ತಾ ಮಾಡುವುದು ಮಾನಸಿಕ ಆರೋಗ್ಯದ ಕಾರ್ಯಕ್ರಮವೆಂದು ಯಾರೂ ಬ್ಯಾನರ್ ಕಟ್ಟುವುದಿಲ್ಲ, ಆದರೆ ಅದರಿಂದ ಒಂದು ಮನೆಯಲ್ಲಿ ಆ ರಾತ್ರಿ ನಿದ್ರೆ ಬರುತ್ತದೆ.

ಸಂಘಗಳು ಪ್ರತಿವರ್ಷ ಹಂಚುವ ಗೋಡೆ ಪಂಚಾಂಗದಲ್ಲಿ ತೆರಿಗೆಯ ಗಡುವುಗಳೆಲ್ಲ ಅಚ್ಚಾಗಿರುತ್ತವೆ. ಅವುಗಳ ಕೆಳಗೆ 14416 ಎಂದು ಮುದ್ರಿಸಲು ಒಂದು ಸಾಲಿನ ಸ್ಥಳ ಬೇಕು. ಬರುವ ವರ್ಷದ ಪಂಚಾಂಗ ಅಚ್ಚಿಗೆ ಹೋಗುವ ಮುನ್ನ ಕಾರ್ಯಕಾರಿ ಸಮಿತಿಗಳು ಇದನ್ನು ಪರಿಶೀಲಿಸಬಹುದು.