ಒಂದೇ ಪಾಠಕ್ಕೆ ನಲವತ್ತು ಪ್ರತಿ ಯಾಕೆ?



2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಯೂಟ್ಯೂಬಿನಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ಒಟ್ಟಿಗೇ ನೋಡಿದರು. ದೃಶ್ಯ ಒಂದೇ, ಆದರೂ ಒಂದೊಂದು ಫೋನಿಗೂ ಬೇರೆ ಬೇರೆ ಪ್ರತಿ ಹೋಗಬೇಕಾಯಿತು. ಇದಕ್ಕೆ ಯುನಿಕಾಸ್ಟ್ ಅಂತಾರೆ. ಮಸಿನಗುಡಿ, ಗುಡಲೂರಿನಂಥ ಕಾಡಂಚಿನ ಶಾಲೆಗಳಿಗೆ ಇದು ದೊಡ್ಡ ಹೊರೆ. ಲೆಕ್ಕ ಹಾಕಿ ನೋಡಿ: ಒಂದು ವಿಡಿಯೊಗೆ ಸೆಕೆಂಡಿಗೆ 2 ಮೆಗಾಬಿಟ್ ಬೇಕು ಅಂದುಕೊಂಡರೆ, 40 ಕಂಪ್ಯೂಟರಿಗೆ 80 ಮೆಗಾಬಿಟ್!

ಇದಕ್ಕೆ ಪರಿಹಾರ ಮಲ್ಟಿಕಾಸ್ಟ್. 1989ರಲ್ಲೇ ಸ್ಟೀವ್ ಡೀರಿಂಗ್ ಇದರ ನಿಯಮ ಬರೆದರು. 224ರಿಂದ 239ರವರೆಗಿನ ಅಂಕಿಯಿಂದ ಶುರುವಾಗುವ ವಿಳಾಸಗಳು ಗುಂಪಿಗೆ ಮೀಸಲು. ಬೇಕಾದವರು ಗುಂಪಿಗೆ ಸೇರುತ್ತಾರೆ. ದಾರಿಯಲ್ಲಿ ಒಂದೇ ಪ್ರತಿ ಬಂದು, ಕವಲೊಡೆಯುವಲ್ಲಿ ಮಾತ್ರ ಎರಡಾಗುತ್ತದೆ.

ಹಾಗಾದರೆ ತೊಡಕೇನು? ನಿಮ್ಮ ಶಾಲೆಯ ಕಂಪ್ಯೂಟರುಗಳಿಗೆಲ್ಲ ಹೊರಗೆ ಒಂದೇ ವಿಳಾಸ. ಒಳಗಿನ 192.168 ಎಂಬಂಥ ವಿಳಾಸಗಳನ್ನು ರೂಟರ್ ಬದಲಿಸಿ ಕಳಿಸುತ್ತದೆ. ಈ ವಿಳಾಸ ಬದಲಾವಣೆಯೇ 'ನ್ಯಾಟ್'. ರೂಟರನ್ನು ಹಾಸ್ಟೆಲ್ ವಾರ್ಡನ್ ಅಂದುಕೊಳ್ಳಿ. ಯಾರು ಕಾಗದ ಬರೆದರೋ ಅವರಿಗೆ ಬಂದ ಉತ್ತರ ಕೊಡ್ತಾರೆ. ಎಲ್ಲರಿಗೂ ಅಂತ ಬಂದ ಪತ್ರಿಕೆಯನ್ನು ಯಾರಿಗೆ ಕೊಡೋದು? ಪಟ್ಟಿಯಲ್ಲಿ ಹೆಸರಿಲ್ಲ, ಬಾಗಿಲಲ್ಲೇ ಬಿಟ್ಟುಬಿಡ್ತಾರೆ. ಒಳಗಿನ ಮಕ್ಕಳ ಪರವಾಗಿ ರೂಟರೇ ಗುಂಪಿಗೆ ಸೇರಿದರೆ ಈ ತೊಡಕು ತಪ್ಪುತ್ತದೆ. ಅದಕ್ಕೆ ಐಜಿಎಂಪಿ ಪ್ರಾಕ್ಸಿ ಇರುವ ರೂಟರ್ ಬೇಕು. ನಾವೇ ಪಾಠ ಹೊರಗೆ ಕಳಿಸುವುದಾದರೆ ಗುಂಪಿನ ವಿಳಾಸ ಹಾಗೇ ಉಳಿಸಿ, ಕಳಿಸಿದವರ ವಿಳಾಸವನ್ನಷ್ಟೇ ಬದಲಿಸಬೇಕು.

ನಿಜ, ಸಾರ್ವಜನಿಕ ಅಂತರ್ಜಾಲ ಮಲ್ಟಿಕಾಸ್ಟನ್ನು ಸಾಮಾನ್ಯವಾಗಿ ಸಾಗಿಸುವುದಿಲ್ಲ. ಹಿಂದೆ ಸರಿಸಿ ನೋಡುವವರಿಗೆ ಬೇರೆ ಪ್ರತಿಯೇ ಬೇಕು. ಹಾಗಂತ ಸುಮ್ಮನಿರಬೇಕಾ? ನನ್ನ ಅಭಿಪ್ರಾಯ ಇಷ್ಟೇ: ನೇರ ಪಾಠದ ಒಂದು ಪ್ರತಿಯನ್ನು ಶಾಲೆಯ ಒಂದೇ ಕಂಪ್ಯೂಟರ್ ಪಡೆಯಲಿ. ಅಲ್ಲಿಂದ ಒಳಗಿನ ತಂತಿ ಜಾಲದಲ್ಲಿ 239ರ ಗುಂಪು ವಿಳಾಸಕ್ಕೆ ಹಂಚಲಿ. ವೈಫೈಯಲ್ಲಿ ಮಲ್ಟಿಕಾಸ್ಟ್ ತಡವರಿಸುತ್ತದೆ, ಆದ್ದರಿಂದ ತಂತಿಯೇ ಮೇಲು. ಆಗ 80 ಮೆಗಾಬಿಟ್ ಬೇಡ, 2 ಸಾಕು.

ಇದೇನೂ ಅತಿಯಾಸೆಯಲ್ಲ. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹ ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ನೂರಾರು ಶಾಲೆಗಳಿಗೆ ಒಂದೇ ಪಾಠವನ್ನು ಒಟ್ಟಿಗೇ ತಲುಪಿಸಿತ್ತು. ಗುಡ್ಡದ ಮಕ್ಕಳಿಗೆ ನೆಟ್ ಸಾಲದು ಅನ್ನುವ ಮೊದಲು, ಇರುವುದನ್ನು ಎಷ್ಟು ಸಲ ಪೋಲು ಮಾಡುತ್ತಿದ್ದೇವೆ ಅಂತ ಕೇಳಬೇಕು. ಈ ಪ್ರಶ್ನೆಯನ್ನು ನಿಮ್ಮ ಕಂಪ್ಯೂಟರ್ ಮೇಷ್ಟ್ರ ಮುಂದಿಡಿ.