ಬೇವಿನ ಗಡಿಗೆಯೂ ದ್ರಾಕ್ಷಾಮದ್ಯದ ಹೂಜಿಯೂ

ಯುಗಾದಿಯ ದಿನ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸುತ್ತಣ ಊರುಗಳಲ್ಲಿ “ಬೇವು ಕುಡಿಯಾಕ ಬರ್ರಿ” ಎಂಬ ಕರೆ ಮನೆಮನೆಯಿಂದಲೂ ಕೇಳಿಬರುತ್ತದೆ. ದಕ್ಷಿಣ ಕರ್ನಾಟಕದವರು ಈ ಮಾತನ್ನು ಕೇಳಿ ಬೆರಗಾಗುವುದುಂಟು. ಅವರು ಬೇವುಬೆಲ್ಲವನ್ನು ತಿನ್ನುವವರೇ ಹೊರತು ಕುಡಿಯುವವರಲ್ಲ. ಇಲ್ಲಿಯ ಬೇವಾದರೋ ಒಂದು ಪಾನೀಯ. ಹೊಸ ಗಡಿಗೆಯಲ್ಲಿ ಹುಣಸೆಯ ರಸ, ಬೆಲ್ಲ, ಬೇವಿನ ಹೂವು, ಮಾವಿನಕಾಯಿಯ ಚೂರು, ಬಾಳೆಹಣ್ಣು, ದ್ರಾಕ್ಷಿ, ಪುಟಾಣಿಯ ಹಿಟ್ಟು, ಉತ್ತತ್ತಿ, ಒಣಕೊಬ್ಬರಿ ಮುಂತಾದವನ್ನು ಕಲಸಿ, ಬಂದವರಿಗೆಲ್ಲ ಲೋಟ ತುಂಬಿ ಕೊಡುತ್ತಾರೆ. ಹಬ್ಬ ಮುಗಿಯಿತೆಂದರೆ ಬೇವೂ ಮುಗಿಯಿತು. ಆ ಮೇಲೆ ಬರುವ ಎರಡು ತಿಂಗಳ ಬಿರುಬೇಸಿಗೆಯಲ್ಲಿ ನಡೆಯುವ ಮದುವೆ, ಜಾತ್ರೆ, ಸಭೆಗಳಲ್ಲಿ ಕಾರ್ಖಾನೆಯ ಸೀಸೆಗಳೇ ಮೆರೆಯುತ್ತವೆ. ಈ ಪದ್ಧತಿ ಅವಿಚಾರದ್ದೆಂದು ನಾವು ಭಾವಿಸುತ್ತೇವೆ.

ಸ್ಪೇನ್ ದೇಶದಲ್ಲಿ ‘ಸಾಂಗ್ರಿಯಾ’ ಎಂಬ ಪಾನೀಯವುಂಟು. ಕೆಂಪು ದ್ರಾಕ್ಷಾಮದ್ಯದಲ್ಲಿ ಕಿತ್ತಳೆ, ನಿಂಬೆ, ಸೇಬುಗಳ ಹೋಳುಗಳನ್ನೂ ಸಕ್ಕರೆಯನ್ನೂ ಹಾಕಿ, ದೊಡ್ಡ ಹೂಜಿಯಲ್ಲಿ ತಣ್ಣಗಿಟ್ಟು, ನೆರೆದ ಅತಿಥಿಗಳಿಗೆ ಬಗ್ಗಿಸಿಕೊಡುತ್ತಾರೆ. ರಕ್ತವೆಂಬ ಅರ್ಥದ ಸ್ಪ್ಯಾನಿಷ್ ಶಬ್ದದಿಂದ ಅದಕ್ಕೆ ಆ ಹೆಸರು ಬಂದಿದೆ, ಬಣ್ಣವೇ ಕಾರಣ. ಚಲಚಿತ್ರಗಳಲ್ಲಿ ಇದನ್ನು ಕಂಡ ನಮ್ಮ ತರುಣರಲ್ಲಿ ಕೆಲವರಿಗೆ ಇದೇ ನಾಗರಿಕ ಪಾನೀಯವೆಂದೂ ಗಡಿಗೆಯ ಬೇವು ಹಳ್ಳಿಗರ ಪದಾರ್ಥವೆಂದೂ ತೋರುತ್ತದೆ. ಎರಡನ್ನೂ ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಅವು ದೂರದ ಸಂಬಂಧಿಗಳೇನೂ ಅಲ್ಲ.

ದ್ರಾಕ್ಷಾಮದ್ಯದ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ಸ್ವೀಡನ್ನಿನ ಷೀಲೆ ಎಂಬ ರಸಾಯನಜ್ಞನು ೧೭೬೯ರಲ್ಲಿ ಇದನ್ನು ಬೇರ್ಪಡಿಸಿದನು. ಮದ್ಯದ ಪೀಪಾಯಿಗಳಲ್ಲಿ ಸಿಕ್ಕುವ ಈ ಆಮ್ಲದ ಲವಣದ ಹರಳುಗಳನ್ನು ಪರೀಕ್ಷಿಸುತ್ತಲೇ ತರುಣ ಪಾಶ್ಚರನು ೧೮೪೮ರಲ್ಲಿ, ಎಡಗೈ ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾಗಿರುವ ಎರಡು ಬಗೆಯ ಹರಳುಗಳನ್ನು ಗುರುತಿಸಿದನು. ಅಣುಗಳ ಆಕಾರವನ್ನು ಕುರಿತ ಶಾಸ್ತ್ರಕ್ಕೆ ಅದು ನಾಂದಿಯಾಯಿತು. ಬಹುಪಾಲು ಹಣ್ಣುಗಳಲ್ಲಿ ಸಿಟ್ರಿಕ್ ಅಥವಾ ಮ್ಯಾಲಿಕ್ ಆಮ್ಲ ಪ್ರಧಾನವಾಗಿರುತ್ತದೆ. ಟಾರ್ಟಾರಿಕ್ ಆಮ್ಲವು ಹೇರಳವಾಗಿರುವ ಹಣ್ಣುಗಳು ಕೆಲವೇ. ಅವುಗಳಲ್ಲಿ ಒಂದು ದ್ರಾಕ್ಷಿ, ಇನ್ನೊಂದು ನಮ್ಮ ಹೊಲದ ಬದುವಿನ ಹುಣಸೆ! ಸ್ಪೇನಿನ ಹೂಜಿಯ ಹುಳಿಯೂ ಮಸ್ಕಿಯ ಗಡಿಗೆಯ ಹುಳಿಯೂ ಒಂದೇ ಆಮ್ಲದ್ದು. ಕೆಂಪು ಮದ್ಯದ ಒಗರು ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್ನಿನಿಂದ ಬರುತ್ತದೆ. ಸಿಹಿಯನ್ನು ಹದ್ದಿನಲ್ಲಿಡುವ ಆ ಕೆಲಸವನ್ನು ನಮ್ಮಲ್ಲಿ ಬೇವಿನ ಹೂವಿನ ಕಹಿ ಮಾಡುತ್ತದೆ. ಹಣ್ಣಿನ ಹೋಳುಗಳು ಎರಡರಲ್ಲಿಯೂ ಉಂಟು. ಉಳಿದದ್ದು ಮದ್ಯಸಾರ ಒಂದೇ.

ಆ ಮದ್ಯಸಾರವು ಇಲ್ಲಿಯ ಬೇಸಿಗೆಗೆ ತಕ್ಕುದಲ್ಲ. ನೀತಿಯ ಮಾತನ್ನು ಬದಿಗಿಟ್ಟು ಶರೀರಶಾಸ್ತ್ರದ ಮಾತನ್ನೇ ಹೇಳುತ್ತೇವೆ. ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುವ ಒಂದು ಹಾರ್ಮೋನನ್ನು ಪಿಟ್ಯುಟರಿ ಗ್ರಂಥಿಯು ರಕ್ತಕ್ಕೆ ಬಿಡುತ್ತದೆ. ಮದ್ಯಸಾರವು ಅದನ್ನು ತಡೆಯುವುದರಿಂದ ಮೂತ್ರವು ಹೆಚ್ಚುತ್ತದೆ. ವೈಶಾಖದ ನಡುಹಗಲಿನಲ್ಲಿ ೪೦ ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ತೇರೆಳೆದು ಬೆವರಿದವನಿಗೆ ಕುಡಿದ ನೀರು ಒಳಗೆ ನಿಲ್ಲಬೇಕೇ ಹೊರತು ಹೊರಟುಹೋಗಬಾರದು. ಮದ್ಯ ಬೆರೆಸಿದರೆ ನೀರಿನ ಕ್ರಿಮಿಗಳು ಸಾಯುತ್ತವೆಂಬ ನಂಬಿಕೆಯೂ ಕೆಲವರಲ್ಲಿದೆ. ಕ್ರಿಮಿನಾಶಕವಾಗಿ ಬಳಸುವ ಮದ್ಯಸಾರದ ಪ್ರಮಾಣ ನೂರಕ್ಕೆ ೭೦ರಷ್ಟು. ದ್ರಾಕ್ಷಾಮದ್ಯದಲ್ಲಿರುವುದು ನೂರಕ್ಕೆ ೧೨ ಅಥವಾ ೧೩. ಹಣ್ಣಿನ ರಸವೂ ಮಂಜುಗಡ್ಡೆಯೂ ಕೂಡಿದಾಗ ಅದು ಇನ್ನೂ ತೆಳುವಾಗುತ್ತದೆ.

ಹಾಗಾದರೆ ಸೀಸೆಯ ಪಾನೀಯ ಮೇಲೇ? ಅದರಲ್ಲಿ ಸಾಮಾನ್ಯವಾಗಿ ನೂರು ಮಿಲಿಲೀಟರಿಗೆ ಸುಮಾರು ೧೦ ಗ್ರಾಂ ಸಕ್ಕರೆಯಿರುತ್ತದೆ. ಆದರೆ ನಮ್ಮ ಮನೆಯ ಬೇವಿನಲ್ಲಿಯೂ ಅಷ್ಟೇ ಬೆಲ್ಲ ಸುರಿಯುವವರಿದ್ದಾರೆಂಬುದನ್ನು ಮರೆಮಾಚಬಾರದು. ಬೆಲ್ಲವೂ ಬಹುಪಾಲು ಸಕ್ಕರೆಯೇ. ಭೇದಿಯಾದವರಿಗೆ ಕೊಡಲು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿರುವ ದ್ರಾವಣದಲ್ಲಿ ಒಂದು ಲೀಟರಿಗೆ ೧೩.೫ ಗ್ರಾಂ ಗ್ಲೂಕೋಸ್, ೨.೬ ಗ್ರಾಂ ಅಡುಗೆ ಉಪ್ಪು ಇರುತ್ತವೆ. ಹಬ್ಬದ ಪಾನೀಯವು ಔಷಧವಲ್ಲವಾದ್ದರಿಂದ ಅಷ್ಟು ಸಪ್ಪೆಯಾಗಬೇಕಿಲ್ಲ. ಆದರೂ ದಾಹಕ್ಕಾಗಿ ಮಾಡಿದ್ದು ದಾಹವನ್ನು ತಣಿಸಬೇಕಷ್ಟೆ. ನೂರು ಜನಕ್ಕೆ ತಲಾ ಒಂದು ಲೋಟದಂತೆ ೨೦ ಲೀಟರು ನೀರಿಗೆ ೧ ಕಿಲೋಗ್ರಾಂ ಬೆಲ್ಲ, ಅರ್ಧ ಕಿಲೋಗ್ರಾಂ ಹುಣಸೆಹಣ್ಣು, ೨೦ ಗ್ರಾಂ ಉಪ್ಪು, ೨ ಕಿಲೋಗ್ರಾಂ ಹಣ್ಣಿನ ಹೋಳು, ಒಂದು ಹಿಡಿ ಬೇವಿನ ಹೂವು: ಇದು ನಮ್ಮ ಅಳತೆ. ಮೊದಲ ಗುಟುಕಿಗೆ ಸಿಹಿ ಸಾಲದೆನಿಸೀತು. ಎರಡನೆಯ ಲೋಟ ಕೇಳುವವರು ಮಾತ್ರ ಹೆಚ್ಚು. ಪುಟಾಣಿಯ ಹಿಟ್ಟನ್ನು ದೊಡ್ಡ ಗಡಿಗೆಗೆ ಹಾಕದೆ, ಬೇಕೆಂದವರ ಲೋಟಕ್ಕೇ ಉದುರಿಸುವುದು ಲೇಸು. ಹಿಟ್ಟು ಬೆರೆತ ಪಾನೀಯ ಬೇಗ ಹಳಸುತ್ತದೆ.

ಇನ್ನು ನೀರಿನ ವಿಷಯ. ಎಲ್ಲಕ್ಕಿಂತ ಮುಖ್ಯವಾದದ್ದು ಇದು; ಏರ್ಪಾಡು ಮಾಡುವವರು ಕಡೆಯಲ್ಲಿ ಯೋಚಿಸುವುದೂ ಇದನ್ನೇ. ೨೦೨೨ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ಕಾಯಿಲೆ ಬಿದ್ದರು, ಸಾವುಗಳೂ ಸಂಭವಿಸಿದವು. ಜಿಲ್ಲೆಯ ಮುಖ್ಯಪಟ್ಟಣದಲ್ಲಿ ಆದದ್ದು ಜಾತ್ರೆಯ ಪೆಂಡಾಲಿನಲ್ಲಿ ಆಗದೆಂದು ಹೇಳುವವರಾರು? ನೀರನ್ನು ಕುದಿಸಿ ಆರಿಸುವುದೇ ಸುಲಭೋಪಾಯ. ಮಂಜುಗಡ್ಡೆಯನ್ನು ಮಾಡಿದ ನೀರು ಯಾವುದೆಂದು ತಿಳಿಯದಿದ್ದರೆ ಅದನ್ನು ಗಡಿಗೆಯೊಳಕ್ಕೆ ಹಾಕಲೇಬಾರದು. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಕುದಿಸುವುದರಿಂದ ಹೋಗದ ದೋಷವೂ ಉಂಟು. ರಾಯಚೂರು ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯ ಪ್ರದೇಶದಲ್ಲಿ ಆರ್ಸೆನಿಕ್ ಸಹ ಕಂಡುಬಂದಿದೆ. ಕುದಿಸಿದರೆ ನೀರು ಆವಿಯಾಗಿ ಇವು ಇನ್ನಷ್ಟು ಸಾಂದ್ರವಾಗುತ್ತವೆ. ಒಂದು ಲೋಟ ಬೇವಿನಿಂದ ಯಾರಿಗೂ ಹಲ್ಲು ಕಲೆಗಟ್ಟದು, ಮೂಳೆ ಬಾಗದು. ಅದು ವರ್ಷಗಟ್ಟಲೆ ಕುಡಿದ ನೀರಿನ ಫಲ. ಆದರೂ ಅಂಥ ಊರಿನಲ್ಲಿ ಶುದ್ಧೀಕರಿಸಿದ ನೀರನ್ನೇ ತರಿಸುವುದು ಯುಕ್ತ.

ಪಾತ್ರೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಹುಳಿಯಾದ ಪಾನೀಯವನ್ನು ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳ ಹಂಡೆಯಲ್ಲಾಗಲಿ, ಸತುವಿನ ಲೇಪವಿರುವ ಕಬ್ಬಿಣದ ಡಬ್ಬಗಳಲ್ಲಾಗಲಿ ಇಟ್ಟರೆ ಆಮ್ಲವು ಲೋಹವನ್ನು ಕರಗಿಸುತ್ತದೆ, ಕುಡಿದವರಿಗೆ ವಾಂತಿಯಾಗುತ್ತದೆ. ದೂರು ಮಾತ್ರ ಅಡುಗೆಯವನ ಮೇಲೆ!

ಮಣ್ಣಿನ ಹರವಿಗೆ ಈ ದೋಷವಿಲ್ಲ. ಮೇಲಾಗಿ ಅದು ಕಾಸಿಲ್ಲದ ಶೀತಯಂತ್ರ. ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಂದು ಲೀಟರಿಗೆ ಸುಮಾರು ೫೮೦ ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ೨೦ ಲೀಟರಿನ ಹರವಿಯಿಂದ ಕಾಲು ಲೀಟರು ಆವಿಯಾದರೆ, ಹೊರಗಿನ ಶಾಖ ಒಳಬರದಿದ್ದಲ್ಲಿ, ಉಳಿದದ್ದು ೭ ಡಿಗ್ರಿಯಷ್ಟು ತಣ್ಣಗಾಗಬೇಕು. ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಕಡಲತೀರದ ತೇವದಲ್ಲಿ ನಡೆಯದು. ಹಾಗಾದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಸಿಂಧನೂರಿನ ಬತ್ತದ ಗದ್ದೆಯ ಪಕ್ಕದಲ್ಲಿಟ್ಟ ಹರವಿಗೂ ಮಸ್ಕಿಯ ಬೆಟ್ಟದ ಬುಡದಲ್ಲಿಟ್ಟ ಹರವಿಗೂ ಎಷ್ಟು ಅಂತರ? ಎರಡು ಉಷ್ಣಮಾಪಕಗಳಿದ್ದರೆ ವಿದ್ಯಾರ್ಥಿಗಳು ತಾವೇ ಅಳೆದು ನೋಡಬಹುದು.

ಮಸ್ಕಿಯ ಹೆಸರು ಬಂದಾಗ ಅಶೋಕನನ್ನು ನೆನೆಯದಿರಲಾಗದು. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಖಚಿತಪಡಿಸಿದ್ದು ೧೯೧೫ರಲ್ಲಿ ಇಲ್ಲಿ ದೊರೆತ ಬಂಡೆಯ ಬರಹ. ಈಗ ದಿಲ್ಲಿಯಲ್ಲಿರುವ ಒಂದು ಕಂಬದ ಶಾಸನದಲ್ಲಿ ಆತನು, ದಾರಿಗಳಲ್ಲಿ ಆಲದ ಮರ, ಮಾವಿನ ತೋಪುಗಳನ್ನು ಬೆಳೆಸಿ, ಜನರಿಗೂ ಪಶುಗಳಿಗೂ ನೀರು ಕುಡಿಯುವ ತಾಣಗಳನ್ನು ಮಾಡಿಸಿದೆನೆಂದು ಹೇಳಿಕೊಂಡಿದ್ದಾನೆ. ನಮ್ಮ ಅರವಟ್ಟಿಗೆಗಳು ಅದೇ ಜಾತಿಯವು. ಯುಗಾದಿಯಿಂದ ಮುಂಗಾರಿನವರೆಗೆ ಅವುಗಳಲ್ಲಿ ನೀರಿನ ಜೊತೆಗೆ ಒಂದು ಹರವಿ ಬೇವನ್ನೂ ಇಡಬಾರದೇಕೆ? ಹೂವು ಮುಗಿದ ಮೇಲೆ, ನೆರಳಿನಲ್ಲಿ ಒಣಗಿಸಿಟ್ಟ ಹೂವೇ ಸಾಕು. ಶಾಲಾ ಕಾಲೇಜುಗಳ ವಿಜ್ಞಾನ ಸಂಘಗಳು ಇದನ್ನು ವಹಿಸಿಕೊಂಡರೆ ನೀರಿನ ಪರೀಕ್ಷೆಯೂ ಜೊತೆಗೇ ನಡೆದೀತು.

ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು: ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನದೊಳಗೆ ಮುಗಿಯತಕ್ಕದ್ದು. ಹಣ್ಣಿನ ಸಿಪ್ಪೆಯ ಮೇಲಿರುವ ಯೀಸ್ಟ್ ಜೀವಿಗಳು ಇಲ್ಲಿಯ ಸೆಕೆಯಲ್ಲಿ ಸುಮ್ಮನಿರುವುದಿಲ್ಲ. ಬೆಲ್ಲದ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಒಡೆಯತೊಡಗುತ್ತವೆ. ಅವುಗಳ ಜೊತೆಗೆ ಬೇರೆ ಅಣುಜೀವಿಗಳೂ ಬೆಳೆಯುವುದರಿಂದ ಅದು ಒಳ್ಳೆಯ ಮದ್ಯವೂ ಅಲ್ಲ, ಒಳ್ಳೆಯ ಬೇವೂ ಅಲ್ಲ. ಮಿಕ್ಕದ್ದನ್ನು ತಿಪ್ಪೆಗೆ ಚೆಲ್ಲುವ ಮುನ್ನ ಒಂದಿಷ್ಟನ್ನು ಸೀಸೆಗೆ ಅರ್ಧದಷ್ಟು ತುಂಬಿ, ಬಾಯಿಗೆ ಬಲೂನು ಕಟ್ಟಿ, ತರಗತಿಯ ಕಿಟಕಿಯಲ್ಲಿಡಿರಿ. ಒಂದೆರಡು ದಿನಗಳಲ್ಲಿ ಬಲೂನು ತಾನೇ ತಲೆಯೆತ್ತಿ ನಿಲ್ಲುತ್ತದೆ.